ಮಂಗಳೂರಲ್ಲಿ ಕೂತು ಯೆಲ್ಲೋನೈಫ್ ಊರಿನ ಚರಿತ್ರೆ ಓದುವುದು ಹೇಗೆ

ನಮ್ಮ ಕಡೆಯ ಮಕ್ಕಳು ಕೆನಡಾಕ್ಕೆ ಹೋಗುವುದು ಈಗ ಹೊಸ ಸುದ್ದಿಯಲ್ಲ. ಮಂಗಳೂರು, ಉಡುಪಿ, ಕುಂದಾಪುರ ಎಲ್ಲಿ ಕೇಳಿದರೂ ಟೊರೊಂಟೊದಲ್ಲೋ ಬ್ರ್ಯಾಂಪ್ಟನ್‌ನಲ್ಲೋ ಒಬ್ಬ ಅಳಿಯ, ಒಬ್ಬಳು ತಂಗಿ ಮಗಳು ಇದ್ದೇ ಇರುತ್ತಾರೆ. ಕೆಲವರು ಅಲ್ಲಿಗೂ ನಿಲ್ಲದೆ ಇನ್ನೂ ಉತ್ತರಕ್ಕೆ, ಯೆಲ್ಲೋನೈಫ್‌ನಂಥ ಊರಿಗೆ ನರ್ಸ್ ಕೆಲಸಕ್ಕೋ ಹೋಟೆಲ್ ಕೆಲಸಕ್ಕೋ ಹೋಗುತ್ತಾರೆ. ಆಗ ಮನೆಯವರಿಗೆ ಆ ಊರಿನ ಬಗ್ಗೆ ಗೊತ್ತಿರುವುದು ಎರಡೇ ಸಂಗತಿ: ಮೈ ಕೊರೆಯುವ ಚಳಿ, ರಾತ್ರಿ ಆಕಾಶದಲ್ಲಿ ಹಸಿರು ಬೆಳಕು. ಊರು ಅಂದರೆ ಅಷ್ಟೇನಾ? ಅಲ್ಲಿ ಯಾರಿದ್ದರು, ಯಾಕೆ ಊರಾಯಿತು, ಊರಿಗಾಗಿ ಯಾರು ಏನು ಕಳಕೊಂಡರು, ಇದು ಗೊತ್ತಿಲ್ಲದೆ ಮಗಳ ಜೊತೆ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡುವುದು ಕಷ್ಟ. ಅಂಥ ಅಪ್ಪ ಅಮ್ಮಂದಿರಿಗೆ, ಅಲ್ಲಿಗೆ ಹೊರಟವರಿಗೆ, ಹಾಗೇ ಕಾಲೇಜಿನಲ್ಲಿ ಇತಿಹಾಸದ ಪ್ರಾಜೆಕ್ಟ್‌ಗೆ ಸ್ವಲ್ಪ ಬೇರೆ ಥರದ ವಿಷಯ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಖರ್ಚು ಏನೂ ಇಲ್ಲ. ಒಂದು ಫೋನು, ಒಂದು ನೋಟ್‌ಬುಕ್, ಕೆಲವು ಸಂಜೆಗಳು ಸಾಕು.

ಮೊದಲು ನಕ್ಷೆ, ಆಮೇಲೆ ಇಸವಿ

ಚರಿತ್ರೆ ಅಂದ ಕೂಡಲೇ ಇಸವಿ ಹುಡುಕಲು ಹೋಗಬೇಡಿ. ಗೂಗಲ್ ಮ್ಯಾಪ್ ತೆರೆದು ಕೆನಡಾದ ವಾಯವ್ಯ ಭಾಗಕ್ಕೆ ಹೋಗಿ. ಅಲ್ಲಿ ಗ್ರೇಟ್ ಸ್ಲೇವ್ ಅನ್ನುವ ದೊಡ್ಡ ಸರೋವರ ಸಿಗುತ್ತದೆ. 614 ಮೀಟರ್ ಆಳ. ಉತ್ತರ ಅಮೆರಿಕದಲ್ಲಿ ಅಷ್ಟು ಆಳದ ಸರೋವರ ಬೇರೆ ಇಲ್ಲ. ಅದರ ಉತ್ತರ ದಡದಲ್ಲಿ ಒಂದು ಸಣ್ಣ ಕೊಲ್ಲಿ ಒಳಗೆ ಚಾಚಿಕೊಂಡಿದೆ. ಆ ಕೊಲ್ಲಿಯ ಪಶ್ಚಿಮ ಬದಿಯಲ್ಲಿ ಯೆಲ್ಲೋನೈಫ್. ಜನಸಂಖ್ಯೆ 2021ರ ಗಣತಿಯಲ್ಲಿ 20,340. ನಮ್ಮ ಲೆಕ್ಕದಲ್ಲಿ ಸಣ್ಣ ಪೇಟೆ, ಆದರೆ ನಾರ್ತ್‌ವೆಸ್ಟ್ ಟೆರಿಟರೀಸ್ ಎಂಬ ಅಷ್ಟು ದೊಡ್ಡ ಪ್ರದೇಶಕ್ಕೆ ಇದೇ ರಾಜಧಾನಿ.

ಈಗ ಉಪಗ್ರಹ ಚಿತ್ರಕ್ಕೆ ಬದಲಿಸಿ ಹತ್ತಿರದಿಂದ ನೋಡಿ. ನೀರಿಗೆ ಚಾಚಿದ ಬಂಡೆಯ ಮೂಗು ಕಾಣುತ್ತದಲ್ಲ, ಅದು ಓಲ್ಡ್ ಟೌನ್. ಅದರ ತುದಿಗೆ ಸೇತುವೆಯಲ್ಲಿ ಅಂಟಿಕೊಂಡ ಲೇಥಮ್ ದ್ವೀಪ, ಆ ದ್ವೀಪದ ಕೊನೆಯಲ್ಲಿ ಎನ್ಡಿಲೋ ಅನ್ನುವ ಊರು, ದೆನೆ ಎಂಬ ಮೂಲನಿವಾಸಿ ಜನರದ್ದು. ಕೊಲ್ಲಿಯ ಆಚೆ ದಡದಲ್ಲಿ ಅವರದೇ ಇನ್ನೊಂದು ಊರು ಡೆಟ್ಟಾ. ಚಳಿಗಾಲದಲ್ಲಿ ಕೊಲ್ಲಿಯ ನೀರು ಗಟ್ಟಿಯಾದ ಮೇಲೆ ಅದರ ಮೇಲೇ ಡೆಟ್ಟಾಕ್ಕೆ ಕಾರು ಓಡುವ ರಸ್ತೆ ಮಾಡುತ್ತಾರೆ. ಪೇಟೆಯ ದಕ್ಷಿಣಕ್ಕೆ ಕಾನ್ ಎಂಬ ಹಳೆಯ ಚಿನ್ನದ ಗಣಿಯ ಜಾಗ, ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಜೈಂಟ್ ಎಂಬ ಇನ್ನೊಂದು ಚಿನ್ನದ ಗಣಿಯ ಜಾಗ. ಈ ಐದಾರು ಬಿಂದುಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬಿಡಿಸಿಕೊಳ್ಳಿ, ಚೆಂದ ಬರಬೇಕು ಅಂತಿಲ್ಲ. ಮುಂದೆ ಓದುವ ಪ್ರತಿಯೊಂದು ಸಂಗತಿಯೂ ಇವುಗಳ ಪೈಕಿ ಒಂದರ ಮೇಲೆ ಬಂದು ಕೂರುತ್ತದೆ. ನೇತ್ರಾವತಿ, ಗುರುಪುರ ನದಿ, ಬಂದರು ಎಲ್ಲಿವೆ ಅಂತ ತಿಳಿಯದೆ ಮಂಗಳೂರಿನ ಚರಿತ್ರೆ ಓದಿದರೆ ಏನಾದರೂ ತಲೆಗೆ ಹತ್ತುತ್ತದಾ? ಇದೂ ಹಾಗೇ.

ಊರು ಹುಟ್ಟಿದ ಇಸವಿ ಅಂತ ಸಿಕ್ಕಿದ್ದನ್ನು ಕೂಡಲೇ ನಂಬಬೇಡಿ

ಪ್ರವಾಸದ ವೆಬ್‌ಸೈಟ್‌ಗಳಲ್ಲಿ ಕಥೆ ಸಾಮಾನ್ಯವಾಗಿ ಹೀಗಿರುತ್ತದೆ: 1933ರಲ್ಲಿ ಜಾನಿ ಬೇಕರ್ ಮತ್ತು ಹರ್ಬ್ ಡಿಕ್ಸನ್ ಎಂಬ ಇಬ್ಬರು ಯೆಲ್ಲೋನೈಫ್ ನದಿಯಲ್ಲಿ ದೋಣಿಯಲ್ಲಿ ಇಳಿದು ಬರುವಾಗ ಚಿನ್ನ ಕಂಡರು, ಮರುವರ್ಷ ಕೊಲ್ಲಿಯ ಪೂರ್ವ ದಡದಲ್ಲಿ ಇನ್ನಷ್ಟು ಸಿಕ್ಕಿತು, 1935ರಲ್ಲಿ ಸರ್ಕಾರದ ಭೂಗರ್ಭ ಸರ್ವೆಯವರಿಗೆ ಪಶ್ಚಿಮ ದಡದಲ್ಲೂ ಚಿನ್ನ ಕಾಣಿಸಿತು, ಜನ ನುಗ್ಗಿದರು, ಊರಾಯಿತು. ಇದರಲ್ಲಿ ಸುಳ್ಳಿಲ್ಲ. ಆದರೆ ಇಲ್ಲಿಂದ ಶುರುಮಾಡಿದರೆ ಅದಕ್ಕಿಂತ ಮುಂಚೆ ಅಲ್ಲಿ ಬರೀ ಬಂಡೆ, ನೀರು ಮಾತ್ರ ಇತ್ತು ಅನ್ನಿಸಿಬಿಡುತ್ತದೆ. ನನ್ನ ಪ್ರಕಾರ ಈ ಊರನ್ನು ಓದುವವರು ಮೊದಲು ದಾಟಬೇಕಾದ ತಪ್ಪುದಾರಿ ಇದೇ.

ಹಾಗಾಗಿ ಇಸವಿಗಳ ಪಟ್ಟಿ ಮಾಡುವಾಗ ಹಿಂದಿನಿಂದ ಬನ್ನಿ. ಕೊಲ್ಲಿಯ ಸುತ್ತ ಮೀನು ಹಿಡಿದು, ಕ್ಯಾರಿಬೂ ಜಿಂಕೆಯ ಹಿಂಡುಗಳ ಹಿಂದೆ ತಿರುಗಿ ಬದುಕಿದ್ದವರು ಯೆಲ್ಲೋನೈವ್ಸ್ ದೆನೆ ಜನ. ಅವರು ಬಳಸುತ್ತಿದ್ದ ತಾಮ್ರದ ಚಾಕುಗಳಿಂದಲೇ ಊರಿಗೆ ಈ ಹೆಸರು ಬಂತು. 1789ರಲ್ಲಿ ಅಲೆಕ್ಸಾಂಡರ್ ಮೆಕೆಂಜಿ ಎಂಬ ಅನ್ವೇಷಕ ಈ ಸರೋವರ ದಾಟಿ ಹೋದ. 1820ರಲ್ಲಿ ಜಾನ್ ಫ್ರಾಂಕ್ಲಿನ್ ಬ್ರಿಟಿಷ್ ನೌಕಾಪಡೆಯ ತಂಡದೊಂದಿಗೆ ಬಂದಾಗ ದೆನೆ ನಾಯಕ ಅಕೈಚೊ ದಾರಿ ತೋರಿಸಲು, ಬೇಟೆಯಾಡಿ ಊಟ ಕೊಡಲು ಒಪ್ಪಿದ. ಮರುವರ್ಷ ಸಮುದ್ರತೀರದಿಂದ ವಾಪಸ್ ಬರುವಾಗ ಫ್ರಾಂಕ್ಲಿನ್‌ನ ತಂಡ ಹಸಿವಿನಿಂದ ಸಾಲುಸಾಲಾಗಿ ಸತ್ತಿತು. ಉಳಿದವರನ್ನು ಬದುಕಿಸಿದ್ದು ಅಕೈಚೊನ ಜನ ತಂದ ಮಾಂಸ. ಇವತ್ತು ಪೇಟೆಯ ಮುಖ್ಯ ರಸ್ತೆಯ ಹೆಸರು ಫ್ರಾಂಕ್ಲಿನ್ ಅವೆನ್ಯೂ. ಊಟ ಕೊಟ್ಟವನ ಹೆಸರು ನಕ್ಷೆಯಲ್ಲಿ ಎಲ್ಲೆಲ್ಲಿದೆ ಅಂತ ಹುಡುಕಿ ನೋಡಿ, ಒಳ್ಳೆಯ ಅಭ್ಯಾಸ ಅದು.

ಮುಂದೆ 1900ರಲ್ಲಿ ಸರೋವರದ ದಕ್ಷಿಣ ದಡದ ಫೋರ್ಟ್ ರೆಸಲ್ಯೂಶನ್‌ನಲ್ಲಿ ದೆನೆ ನಾಯಕರು ಕೆನಡಾ ಸರ್ಕಾರದ ಜೊತೆಗಿನ 8ನೇ ಒಪ್ಪಂದಕ್ಕೆ (ಟ್ರೀಟಿ 8) ಸೇರಿದರು. ಅದು ಶಾಂತಿ, ಸ್ನೇಹದ ಒಪ್ಪಂದ, ಜಾಗ ಬಿಟ್ಟುಕೊಟ್ಟದ್ದಲ್ಲ ಅಂತ ಅವರ ಮೊಮ್ಮಕ್ಕಳು ಇವತ್ತಿಗೂ ಹೇಳುತ್ತಾರೆ. ಆಮೇಲೆ 1928. ಆ ಬೇಸಿಗೆಯಲ್ಲಿ ತುಪ್ಪಳದ ಚರ್ಮದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ ಬೇ ಕಂಪನಿಯ ಹಡಗಿನ ಜೊತೆ ಬಂದ ಫ್ಲೂ ಜ್ವರ, ಈ ಸರೋವರದಿಂದ ಹೊರಡುವ ಮೆಕೆಂಜಿ ನದಿಯುದ್ದಕ್ಕೂ ಹರಡಿ ಶಿಬಿರ ಶಿಬಿರಗಳನ್ನೇ ಖಾಲಿ ಮಾಡಿತು. ಈ ಇಸವಿಯ ಪಕ್ಕದಲ್ಲಿ 1933 ಬರೆದು ನೋಡಿ. ನಡುವೆ ಇರುವುದು ಬರೀ ಐದು ವರ್ಷ! ಚಿನ್ನ ಹುಡುಕಿ ಬಂದವರ ಕಣ್ಣಿಗೆ ಜಾಗ ಖಾಲಿ ಕಂಡಿದ್ದರೆ ಅದಕ್ಕೆ ಕಾರಣ ಇತ್ತು. ಈ ಎರಡು ಸಂಗತಿ ಬೇರೆಬೇರೆ ಪುಟಗಳಲ್ಲಿ ಸಿಗುತ್ತವೆ, ಒಟ್ಟಿಗೆ ಇಟ್ಟು ನೋಡುವ ಕೆಲಸ ಓದುವವರದ್ದು.

ಚಿನ್ನದ ಬಗ್ಗೆಯೂ ದೆನೆ ಜನರ ಬಾಯಿಮಾತಿನ ಚರಿತ್ರೆ ಬೇರೆ ಉಂಟು. ಅವರ ಹೆಂಗಸೊಬ್ಬಳು ತನ್ನ ಹತ್ತಿರ ಇದ್ದ ಹೊಳೆಯುವ ಕಲ್ಲನ್ನು ಗಣಿ ಹುಡುಕಿ ಬಂದವನಿಗೆ ತೋರಿಸಿದಳಂತೆ, ಅವಳಿಗೆ ಬದಲಿಗೆ ಸಿಕ್ಕಿದ್ದು ಒಲೆಯ ಹೊಗೆ ಕೊಳವೆಗಳು. ಕಾಗದದಲ್ಲಿ ಇಲ್ಲ ಅಂತ ಇಂಥದ್ದನ್ನು ಬಿಡಬೇಡಿ. ತುಳುನಾಡಿನಲ್ಲಿ ಪಾಡ್ದನಗಳನ್ನು ಬಿಟ್ಟು ಚರಿತ್ರೆ ಬರೆಯಲು ಆಗುತ್ತದಾ? ಇಬ್ಬರು ಹೇಳಿದ್ದನ್ನೂ ಅಕ್ಕಪಕ್ಕ ಬರೆದುಕೊಳ್ಳಿ, ಯಾರು ಹೇಳಿದ್ದು ಅಂತ ಮಾತ್ರ ತಪ್ಪದೆ ಗುರುತು ಹಾಕಿ.

ದಾಖಲೆ ಎಲ್ಲಿ ಸಿಗುತ್ತದೆ

ನಮ್ಮ ಮಂಗಳೂರಿನ ಹಳೆಯ ಫೋಟೋ, ಕಾಗದಪತ್ರ ಎಷ್ಟೋ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಯಾಕೆಂದರೆ 1834ರಲ್ಲಿ ಇಲ್ಲಿಗೆ ಬಂದ ಮಿಷನ್‌ನವರು ವರದಿ ಕಳಿಸುತ್ತಿದ್ದದ್ದು ಅಲ್ಲಿಗೆ. ಯೆಲ್ಲೋನೈಫ್‌ದೂ ಅದೇ ಪಾಡು. 1967ರವರೆಗೆ ಆ ಪ್ರದೇಶವನ್ನು ಆಳುತ್ತಿದ್ದದ್ದು ಸಾವಿರಾರು ಕಿಲೋಮೀಟರ್ ದೂರದ ಒಟ್ಟಾವದಿಂದ, ಹಾಗಾಗಿ ಸರ್ಕಾರಿ ಕಡತಗಳು ಒಟ್ಟಾವದ ಲೈಬ್ರರಿ ಆಂಡ್ ಆರ್ಕೈವ್ಸ್ ಕೆನಡಾದಲ್ಲಿವೆ. ಚರ್ಮದ ವ್ಯಾಪಾರದ ಕಾಲದ ಹಡ್ಸನ್ ಬೇ ಕಂಪನಿಯ ಲೆಕ್ಕಪುಸ್ತಕ, ದಿನಚರಿಗಳು ವಿನ್ನಿಪೆಗ್‌ನಲ್ಲಿವೆ. ಯಾವ ಕಾಲದ್ದು ಬೇಕು ಅನ್ನುವುದರ ಮೇಲೆ ಎಲ್ಲಿ ಹುಡುಕಬೇಕು ಅಂತ ಮೊದಲೇ ನಿಶ್ಚಯ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಊರಿನಲ್ಲೇ ಇರುವ ದಾಖಲೆಗೆ ನಾರ್ತ್‌ವೆಸ್ಟ್ ಟೆರಿಟರೀಸ್ ಆರ್ಕೈವ್ಸ್ ನೋಡಿ. 1979ರಲ್ಲಿ ತೆರೆದ ಪ್ರಿನ್ಸ್ ಆಫ್ ವೇಲ್ಸ್ ನಾರ್ದರ್ನ್ ಹೆರಿಟೇಜ್ ಸೆಂಟರ್ ಎಂಬ ವಸ್ತುಸಂಗ್ರಹಾಲಯದ ಒಳಗೇ ಅದು ಇದೆ. ಅವರ ಫೋಟೋ ಸಂಗ್ರಹವನ್ನು ಮನೆಯಿಂದಲೇ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ. ಹುಡುಕುವ ಜಾಗದಲ್ಲಿ ಬರೀ ಊರಿನ ಹೆಸರು ಹಾಕಿದರೆ ರಾಶಿ ಬಂದು ತಲೆ ತಿರುಗುತ್ತದೆ. ಅದರ ಬದಲು ನಕ್ಷೆಯಲ್ಲಿ ಗುರುತು ಮಾಡಿದ ಒಂದೊಂದೇ ಹೆಸರು ಹಾಕಿ: ಓಲ್ಡ್ ಟೌನ್, ಲೇಥಮ್ ಐಲ್ಯಾಂಡ್, ಕಾನ್ ಮೈನ್. ಹೆನ್ರಿ ಬುಸ್ಸೆ ಅಂತ ಹಾಕಿದರೆ ಆ ಊರಿನ ಫೋಟೋಗ್ರಾಫರ್ ಒಬ್ಬ 1940, 50ರ ದಶಕಗಳಲ್ಲಿ ತೆಗೆದ ಚಿತ್ರಗಳು ಬರುತ್ತವೆ. ಇದನ್ನು ಅವಸರದಲ್ಲಿ ನೋಡಬೇಡಿ. ಮರದ ದಿಮ್ಮಿಯ ಮನೆಗಳು, ನೀರಿನ ಮೇಲೆ ಇಳಿಯುವ ಸಣ್ಣ ವಿಮಾನಗಳು, ಬೀದಿಯಲ್ಲಿ ಯಾರಿದ್ದಾರೆ, ಯಾರಿಲ್ಲ, ಹಿಂದೆ ಗಣಿಯ ಚಿಮಣಿಯಿಂದ ಹೊಗೆ ಯಾವ ಕಡೆ ಹೋಗುತ್ತಿದೆ, ಎಲ್ಲವೂ ಮುಖ್ಯ. ಓಲ್ಡ್ ಟೌನ್ ಬಂಡೆಯ ಮೇಲೆ ಇಕ್ಕಟ್ಟಾಗಿ ಬೆಳೆದದ್ದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಮೇಲಿನ ಬಯಲಿನಲ್ಲಿ ಅಳತೆ ಹಾಕಿ ನ್ಯೂ ಟೌನ್ ಮಾಡಿದ್ದು, ಇವೆಲ್ಲ ಪುಸ್ತಕಕ್ಕಿಂತ ಫೋಟೋದಲ್ಲಿ ಬೇಗ ಅರ್ಥವಾಗುತ್ತವೆ. 1937ರ ವೈಲ್ಡ್‌ಕ್ಯಾಟ್ ಕೆಫೆ ಎಂಬ ದಿಮ್ಮಿ ಕಟ್ಟಡದ ಹಳೆಯ ಫೋಟೋ, ಹೊಸ ಫೋಟೋ ಎರಡೂ ಸಿಗುತ್ತವೆ, ಅದರಿಂದಲೇ ಶುರುಮಾಡಬಹುದು.

ಒಂದು ಮಿತಿ ಹೇಳಬೇಕು. ಕೆನಡಾದಲ್ಲಿ ಜನಗಣತಿಯ ಮನೆಮನೆ ಹಾಳೆಗಳನ್ನು 92 ವರ್ಷ ಆದ ಮೇಲೆ ಮಾತ್ರ ಜನರಿಗೆ ತೆರೆಯುತ್ತಾರೆ. 1931ರದ್ದು 2023ರಲ್ಲಿ ತೆರೆಯಿತು. ಚಿನ್ನದ ಊರು ಹುಟ್ಟಿದ್ದು ಅದಾದ ಮೇಲೆ, ಅಂದರೆ ಗಣಿ ಕಾಲದ ಹೆಸರುಗಳಿಗೆ 1941ರ ಗಣತಿ ಹೊರಗೆ ಬರುವ ತನಕ ಕಾಯಬೇಕು. ಸದ್ಯಕ್ಕೆ ಪತ್ರಿಕೆಗಳೇ ಗತಿ. ಈಗಿನ ಸುದ್ದಿಗೆ ಯೆಲ್ಲೋನೈಫರ್, ಸಿಬಿಸಿ ನಾರ್ತ್, ಕ್ಯಾಬಿನ್ ರೇಡಿಯೋ ಮೂರನ್ನೂ ನೋಡುತ್ತಾ ಇರಿ.

ದೆನೆ ಜನರ ಮಾತನ್ನು ಅವರ ಬಾಯಿಂದಲೇ ಓದಬೇಕು ಅಂದರೆ ನ್ಯಾಯಮೂರ್ತಿ ಥಾಮಸ್ ಬರ್ಜರ್ ವಿಚಾರಣೆಯ ದಾಖಲೆಗಳಿಗೆ ಹೋಗಿ. ಮೆಕೆಂಜಿ ಕಣಿವೆಯಲ್ಲಿ ಗ್ಯಾಸ್ ಪೈಪ್‌ಲೈನ್ ಹಾಕಬೇಕೋ ಬೇಡವೋ ಅಂತ ತಿಳಿಯಲು 1974ರಲ್ಲಿ ನೇಮಿಸಿದ ವಿಚಾರಣೆ ಇದು. ಅವರು ಕಚೇರಿಯಲ್ಲಿ ಕೂರದೆ ಹಳ್ಳಿಹಳ್ಳಿಗೆ ಹೋಗಿ ಹಿರಿಯರ ಮಾತನ್ನು ಅವರವರ ಭಾಷೆಯಲ್ಲೇ ಕೇಳಿಸಿಕೊಂಡರು. 1977ರಲ್ಲಿ ವರದಿ ಕೊಟ್ಟು, ಹತ್ತು ವರ್ಷ ಪೈಪ್‌ಲೈನ್ ಬೇಡ, ಮೊದಲು ಜನರ ಜಾಗದ ಹಕ್ಕು ಇತ್ಯರ್ಥ ಆಗಲಿ ಅಂದರು. ವರದಿ ದೊಡ್ಡದು. ಪೂರ್ತಿ ಓದಬೇಕಾಗಿಲ್ಲ, ಜನರ ಹೇಳಿಕೆಗಳ ಭಾಗ ಮಾತ್ರ ಬಿಡಬೇಡಿ.

ಜೈಂಟ್ ಗಣಿಗೆ ಜಾಸ್ತಿ ಸಮಯ ಕೊಡಿ

ಕಾನ್ ಗಣಿಯಲ್ಲಿ ಮೊದಲ ಚಿನ್ನದ ಗಟ್ಟಿ ಎರಕ ಹೊಯ್ದದ್ದು 1938ರಲ್ಲಿ, ಗಣಿ ಮುಚ್ಚಿದ್ದು 2003ರಲ್ಲಿ. ಅದರ 76 ಮೀಟರ್ ಎತ್ತರದ ರಾಬರ್ಟ್‌ಸನ್ ಗೋಪುರವನ್ನು 2016ರಲ್ಲಿ ಕೆಡವಿದರು, ವಿಡಿಯೋ ಸಿಗುತ್ತದೆ. ಜೈಂಟ್ ಗಣಿ 1948ರಿಂದ 2004ರವರೆಗೆ. ಈ ಊರಿನ ಚರಿತ್ರೆಯಲ್ಲಿ ನೀವು ಒಂದೇ ಒಂದು ವಿಷಯ ಆಳವಾಗಿ ಓದುತ್ತೀರಿ ಅಂತಾದರೆ ಅದು ಜೈಂಟ್ ಆಗಲಿ.

ಅಲ್ಲಿಯ ಚಿನ್ನ ಆರ್ಸೆನಿಕ್ ಇರುವ ಅದಿರಿನ ಒಳಗೆ ಸಿಕ್ಕಿಹಾಕಿಕೊಂಡಿತ್ತು. ಬಿಡಿಸಲು ಅದಿರನ್ನು ಹುರಿಯಬೇಕಿತ್ತು. ಹುರಿದಾಗ ಆರ್ಸೆನಿಕ್ ಟ್ರೈಆಕ್ಸೈಡ್ ಎಂಬ ವಿಷ ಹೊಗೆಯಾಗಿ ಮೇಲೆ ಹೋಗುತ್ತದೆ. ಶುರುವಿನ ವರ್ಷಗಳಲ್ಲಿ ಅದು ಸೀದಾ ಚಿಮಣಿಯಿಂದ ಹೊರಗೆ ಹೋಗಿ ಸುತ್ತಲಿನ ಹಿಮದ ಮೇಲೆ ಬೀಳುತ್ತಿತ್ತು. ದೆನೆ ಜನ ಚಳಿಗಾಲದಲ್ಲಿ ಕುಡಿಯಲು ಕರಗಿಸುತ್ತಿದ್ದದ್ದು ಅದೇ ಹಿಮವನ್ನು. 1951ರಲ್ಲಿ ಲೇಥಮ್ ದ್ವೀಪದಲ್ಲಿ ಒಂದು ಪುಟ್ಟ ದೆನೆ ಮಗು ಆರ್ಸೆನಿಕ್ ವಿಷಕ್ಕೆ ಸತ್ತಿತು. ಆ ಮೇಲೆ ಹೊಗೆಯಿಂದ ಧೂಳನ್ನು ಹಿಡಿದು ಗಣಿಯ ಒಳಗಿನ ಕೋಣೆಗಳಿಗೆ ತುಂಬುವ ಕ್ರಮ ಬಂತು. ಹಾಗೆ ತುಂಬಿದ್ದು ಎಷ್ಟು ಗೊತ್ತಾ? 2,37,000 ಟನ್. ಈ ಧೂಳು ನೀರಿನಲ್ಲಿ ಕರಗುತ್ತದೆ, ಪಕ್ಕದಲ್ಲೇ ಸರೋವರ. 1999ರಲ್ಲಿ ಕಂಪನಿ ದಿವಾಳಿಯಾದಾಗ ಈ ಜವಾಬ್ದಾರಿ ಸರ್ಕಾರದ ತಲೆಗೆ, ಅಂದರೆ ಜನರ ತಲೆಗೆ ಬಂತು. ಈಗಿನ ಉಪಾಯ, ಆ ಕೋಣೆಗಳ ಸುತ್ತಲಿನ ಬಂಡೆಯನ್ನು ಹೆಪ್ಪುಗಟ್ಟಿಸಿ ನೀರು ಒಳಗೆ ಬರದ ಹಾಗೆ ಇಡುವುದು. ನೆಲದೊಳಗಿನ ಬಿಸಿಯನ್ನು ಎಳೆದು ಹೊರಗಿನ ಚಳಿಗೆ ಬಿಡುವ ಕೊಳವೆಗಳನ್ನು ನಿಲ್ಲಿಸುತ್ತಾರೆ, ಅದಕ್ಕೆ ಕರೆಂಟು ಬೇಡ. ಹಾಗೇ ಕಾಯುತ್ತಾ ಇರಬೇಕು, ಕೊನೆ ಇಲ್ಲದೆ. ಇಡೀ ಗಣಿ ಜಾಗ ಸರಿ ಮಾಡುವ ಕೆಲಸಕ್ಕೆ 2022ರ ಅಂದಾಜು 438 ಕೋಟಿ ಕೆನಡಾ ಡಾಲರ್.

ಇದನ್ನು ಓದಲು ಮೆಕೆಂಜಿ ವ್ಯಾಲಿ ರಿವ್ಯೂ ಬೋರ್ಡ್ ಎಂಬ ಸಂಸ್ಥೆಯ ಸಾರ್ವಜನಿಕ ಕಡತಗಳನ್ನು ತೆರೆಯಿರಿ. ಎಂಜಿನಿಯರ್‌ಗಳು ಹೇಳಿದ್ದು, ದೆನೆ ಹಿರಿಯರು ಹೇಳಿದ್ದು, ಊರವರು ಕೇಳಿದ ಪ್ರಶ್ನೆ ಎಲ್ಲ ಅಲ್ಲಿದೆ. ಓದುವಾಗ ಕೈಯಲ್ಲಿ ನಾಲ್ಕೈದು ಪ್ರಶ್ನೆ ಇರಲಿ, ಇಲ್ಲದಿದ್ದರೆ ಕಾಗದದ ಕಾಡಿನಲ್ಲಿ ದಾರಿ ತಪ್ಪುತ್ತದೆ. ಪ್ರಶ್ನೆಗಳು ನಮ್ಮ ಹತ್ತಿರವೇ ಇವೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಸಯನೈಡ್ ದಿಬ್ಬಗಳು ಅಲ್ಲೇ ಉಳಿದವು. ಕುದುರೆಮುಖದ ಅದಿರು ಪೈಪಿನಲ್ಲಿ ಪಣಂಬೂರಿಗೆ ಇಳಿದು ಬರುತ್ತಿತ್ತು, 2005ರ ಕೊನೆಗೆ ಗಣಿಗಾರಿಕೆ ನಿಂತು ಗಣಿಗಾಗಿಯೇ ಕಟ್ಟಿದ ಊರು ಖಾಲಿಯಾಗುತ್ತಾ ಹೋಯಿತು. ಅಲ್ಲಿ ಕೇಳಬೇಕಾದದ್ದನ್ನೇ ಇಲ್ಲಿಯೂ ಕೇಳಿ: ಲಾಭ ಯಾವ ಊರಿಗೆ ಹೋಯಿತು, ಕಸ ಯಾವ ಊರಲ್ಲಿ ಉಳಿಯಿತು, ಜಾಗ ಮೊದಲು ಯಾರದ್ದು, ನೀರು ಯಾರು ಕುಡಿಯುತ್ತಾರೆ, ಕಾಯುವ ಖರ್ಚು ಯಾರದ್ದು.

ಜೈಂಟ್‌ದೇ ಇನ್ನೊಂದು ಗಾಯ 1992ರದ್ದು. ಕಾರ್ಮಿಕರಿಗೂ ಕಂಪನಿಗೂ ಜಗಳವಾಗಿ ಮುಷ್ಕರ ನಡೆಯುತ್ತಿದ್ದಾಗ ಕಂಪನಿ ಬದಲಿ ಕೆಲಸಗಾರರನ್ನು ಇಟ್ಟು ಗಣಿ ನಡೆಸಿತು. ಸೆಪ್ಟೆಂಬರ್ 18ರಂದು ನೆಲದಡಿಯಲ್ಲಿ ಬಾಂಬ್ ಸಿಡಿದು ಒಂಬತ್ತು ಜನ ಸತ್ತರು. ಮುಷ್ಕರದಲ್ಲಿದ್ದ ಒಬ್ಬನಿಗೆ 1995ರಲ್ಲಿ ಶಿಕ್ಷೆಯಾಯಿತು. ಸಣ್ಣ ಊರು. ಎರಡೂ ಕಡೆಯವರ ಮನೆಗಳು ಇವತ್ತಿಗೂ ಅಲ್ಲೇ ಇವೆ. ಅಲ್ಲಿರುವ ನಿಮ್ಮವರಿಗೆ ಇದು ಗೊತ್ತಿದ್ದರೆ ಒಳ್ಳೆಯದು, ಆದರೆ ಆಫೀಸಿನ ಕ್ಯಾಂಟೀನಿನಲ್ಲಿ ಸುಮ್ನೆ ಮಾತಿಗೆ ಅಂತ ಇದನ್ನು ಎತ್ತುವುದು ಬೇಡ.

ಉಳಿದದ್ದನ್ನು ಬೇಗ ಓದಬಹುದು. ದಕ್ಷಿಣದಿಂದ ರಸ್ತೆ ಬಂದದ್ದು 1960ರ ಹೊತ್ತಿಗೆ, ಅಲ್ಲಿಯವರೆಗೆ ಹೆಚ್ಚಾಗಿ ದೋಣಿ, ವಿಮಾನವೇ. ಆ ರಸ್ತೆಯಲ್ಲೂ ಮೆಕೆಂಜಿ ನದಿಗೆ ಸೇತುವೆ ಆದದ್ದು 2012ರಲ್ಲಿ. ಊರು ರಾಜಧಾನಿಯಾದದ್ದು 1967, ಸಿಟಿ ಅನ್ನಿಸಿಕೊಂಡದ್ದು 1970. 1991ರಲ್ಲಿ ಲಾಕ್ ದ ಗ್ರಾ ಸರೋವರದ ಹತ್ತಿರ ವಜ್ರ ಸಿಕ್ಕಿತು, 1998ರಲ್ಲಿ ಎಕಾಟಿ ವಜ್ರದ ಗಣಿ ಶುರುವಾಯಿತು, ಚಿನ್ನದ ಗಣಿಗಳು ಮುಚ್ಚಿದರೂ ಊರು ಉಳಿಯಲು ಅದು ದೊಡ್ಡ ಕಾರಣ. 1999ರಲ್ಲಿ ಪೂರ್ವ ಭಾಗ ಬೇರೆಯಾಗಿ ನುನಾವುಟ್ ಆಯಿತು. 2023ರ ಆಗಸ್ಟ್ 16ರಂದು ಕಾಡ್ಗಿಚ್ಚು ಹತ್ತಿರ ಬಂತು ಅಂತ ಇಡೀ ಊರಿಗೇ ಖಾಲಿ ಮಾಡಲು ಹೇಳಿದರು. ಒಂದೇ ಹೆದ್ದಾರಿಯಲ್ಲಿ ಕಾರುಗಳ ಸಾಲು, ಉಳಿದವರಿಗೆ ವಿಮಾನ. ಸೆಪ್ಟೆಂಬರ್ 6ರಿಂದ ವಾಪಸ್ ಬಂದರು. ಇದು ಹೊಸ ಚರಿತ್ರೆ, ಅನುಭವಿಸಿದವರು ಹೇಳಲು ಸಿಗುತ್ತಾರೆ.

ಅಲ್ಲಿರುವವರಿಂದ ತಿಳಿಯುವುದು

ನಮಗೂ ಅವರಿಗೂ ಸುಮಾರು ಹನ್ನೆರಡು ಗಂಟೆ ವ್ಯತ್ಯಾಸ. ಇಲ್ಲಿ ರಾತ್ರಿ ಊಟದ ಹೊತ್ತಿಗೆ ಅವರು ಕೆಲಸಕ್ಕೆ ಹೊರಡುವ ಅವಸರದಲ್ಲಿ ಇರುತ್ತಾರೆ. ಅದಕ್ಕೆ ಪ್ರಶ್ನೆಗಳನ್ನು ಬರೆದು ವಾಟ್ಸಾಪಿನಲ್ಲಿ ಕಳಿಸಿ, ಅವರು ರಜೆಯ ದಿನ ನಿಧಾನವಾಗಿ ಆಡಿಯೋ ಮಾಡಿ ಕಳಿಸಲಿ. “ಊರು ಹೇಗಿದೆ” ಅಂತ ಕೇಳಿದರೆ “ಚಳಿ ಅಮ್ಮ” ಅಂತ ಮುಗಿಯುತ್ತದೆ. “ಮನೆಗೆ ನೀರು ಎಲ್ಲಿಂದ ಬರುತ್ತದೆ”, “ನಿನ್ನ ಬೀದಿಗೆ ಯಾರ ಹೆಸರು”, “ಬೆಂಕಿ ಬಂದಾಗ ನಿನ್ನ ಜೊತೆ ಕೆಲಸ ಮಾಡುವವರು ಎಲ್ಲಿಗೆ ಹೋಗಿದ್ದರು” ಅಂತ ಕೇಳಿ. ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬಾ ಅಂತ ಹೇಳಿ, ಅಲ್ಲಿಯ ಸಿಬ್ಬಂದಿಗೆ ಕೇಳಿದರೆ ಮುಂದೆ ಏನು ಓದಬೇಕು ಅಂತ ದಾರಿ ಸಿಗುತ್ತದೆ. ಡೆಟ್ಟಾ, ಎನ್ಡಿಲೋದ ಹಿರಿಯರು ಏನಾದರೂ ಹೇಳಿದರೆ ಅವರನ್ನು ಕೇಳದೆ ರೆಕಾರ್ಡ್ ಮಾಡಬಾರದು, ಕೇಳದೆ ಎಲ್ಲೂ ಹಾಕಬಾರದು. ಅವರ ಕಥೆ ಅವರದ್ದು.

ಕನ್ನಡದಲ್ಲಿ ಬರೆದಿಡುವಾಗ ದೆನೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರ ನೋಡಿ ಬರೆಯಬೇಡಿ, ಯೂಟ್ಯೂಬಿನಲ್ಲಿ ಅವರೇ ಹೇಳುವುದನ್ನು ಕೇಳಿ ಹತ್ತಿರದ ಅಕ್ಷರ ಹಾಕಿ. ಅವರು ಯೆಲ್ಲೋನೈಫ್ ಅನ್ನು ಸೋಂಬಾಕೆ ಅನ್ನುತ್ತಾರೆ, ಹುಡುಕುವಾಗ ಆ ಹೆಸರೂ ಹಾಕಿ, ಬೇರೆಯೇ ಪುಟಗಳು ತೆರೆಯುತ್ತವೆ. ಪ್ರತಿ ಸಂಗತಿಯ ಪಕ್ಕ ಎಲ್ಲಿ ಓದಿದ್ದು ಅಂತ ಬರೆಯಿರಿ, ಒಂದರಿಂದ ಇನ್ನೊಂದು ನಕಲು ಮಾಡಿದ ಎರಡು ವೆಬ್‌ಸೈಟ್‌ಗಳನ್ನು ಎರಡು ಸಾಕ್ಷಿ ಅಂತ ಲೆಕ್ಕ ಹಾಕಬೇಡಿ. ಬರೆದದ್ದನ್ನು ಅಲ್ಲಿರುವ ನಿಮ್ಮವರಿಗೆ ಕಳಿಸಿ ಒಮ್ಮೆ ಓದಿಸಿ, ರಸ್ತೆ, ದಿಕ್ಕು, ದೂರ ತಪ್ಪಿದ್ದರೆ ಅವರು ಹೇಳುತ್ತಾರೆ.